ದಾಳ ಇಬ್ಬರೆದುರೇ ಬೀಳಬೇಕು

ಪುರಸೈವಾಕ್ಕಂ, ಚೆನ್ನೈ
12 ಆಗಸ್ಟ್ 2001

ಶಿವರಂಜನ್ ಅವರಿಗೆ ಜಗದೇವಿಯ ಶರಣು.

ನಿಮ್ಮ ಕಾಗದ ಮುಟ್ಟಿತು. ಹೆಂಡತಿಯ ಕ್ಷೇಮ ವಿಚಾರಿಸಿದ್ದು ಒಂದು ಸಾಲು, ಮಿಕ್ಕಿದ್ದೆಲ್ಲ ಯುದ್ಧ! ಇರಲಿ, ಆ ನೆವದಿಂದಾದರೂ ಬರೆಯುತ್ತೀರಲ್ಲ. ಆಟದ ಹಲಗೆಯನ್ನು ಊಟದ ಮೇಜಿನಿಂದ ನಾನಿನ್ನೂ ತೆಗೆದಿಲ್ಲ. ಒಂದು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ಉಣ್ಣುತ್ತೇನೆ. ಪ್ಯಾರೀಸ್ ಕಾರ್ನರಿನಲ್ಲಿ ಇಬ್ಬರೂ ಚೌಕಾಸಿ ಮಾಡಿ ತಂದ ಕೋಟಿನ ಗುಂಡಿಗಳೇ ಈಗಲೂ ನಮ್ಮ ಆಕಾಶ ಹಡಗುಗಳು. ನೀವು ಬರೆದಂತೆ ನಿಮ್ಮ ಕಪ್ಪು ಗುಂಡಿಯನ್ನು ಸರಿಸಿದೆ. ಇಷ್ಟು ದಿನ ಆಚೆ ಅಂಚಿನಲ್ಲೇ ಸುತ್ತುತ್ತಿದ್ದದ್ದು, ನನ್ನ ಬಿಳಿ ಗುಂಡಿಯ ಪಕ್ಕಕ್ಕೇ ಬಂದು ನಿಂತಿತು. ಫಿರಂಗಿ ಹಾರಿಸಲಿಕ್ಕಾದರೂ ಹತ್ತಿರ ಬಂದಿರಲ್ಲ ಎಂದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಈಗ ತಕರಾರಿಗೆ ಬರೋಣ. ಗುರಿಯಾದ ಹಡಗು ತಪ್ಪಿಸಿಕೊಳ್ಳಲೇಬೇಕು, ಹಿಂದೆ ಸರಿ, ಆಮೇಲೆ ಏಟು ತಗುಲಿತೋ ಇಲ್ಲವೋ ನೋಡಲು ನಿನ್ನ ದಾಳ ನೀನೇ ಉರುಳಿಸಿ ಏನು ಬಿತ್ತೆಂದು ಬರಿ ಎಂದಿದ್ದೀರಿ. ಭಲೆ! ನಿಯಮದ ಪುಸ್ತಕ ನನ್ನ ಬಳಿ ಇರುವುದು ಮರೆತುಹೋಯಿತೇ? ಪಕ್ಕಕ್ಕೆ ಸರಿಯುವುದು, ಗುರಾಣಿ ಎತ್ತುವುದು ಗುರಿಯಾದವರ ಹಕ್ಕು, ಕಟ್ಟಳೆಯಲ್ಲ. ಏನೂ ಮಾಡದೆ ನಿಲ್ಲುವ ಹಕ್ಕೂ ಅವರದೇ.

ಸರಿದರೆ ಏಟು ತಪ್ಪಬಹುದು, ನಿಜ. ಆಮೇಲೆ ನೀವು ಮತ್ತೆ ಹತ್ತಿರ ಬರಲು ಇನ್ನೆಷ್ಟು ಕಾಗದ ಕಾಯಬೇಕೋ. ಗುರಾಣಿಯಂತೂ ನನಗೆ ಹೊಸದಲ್ಲ. ಗುಲ್ಬರ್ಗಕ್ಕೆ ಹೋಗಿ ಮಾವನವರ ಅಂಗಡಿ ನೋಡಿಕೊಳ್ಳೋಣ ಎಂದು ನೀವು ಬಾಯಿ ತೆರೆಯುವಷ್ಟರಲ್ಲಿ, ನುಂಗಂಬಾಕ್ಕಂ ಬ್ಯಾಂಕಿನ ನನ್ನ ಕೆಲಸವನ್ನು ಅಡ್ಡ ಹಿಡಿದಿದ್ದೆ. ನೀವೇನು ಕಡಿಮೆಯೇ? ತುಟಿ ಪಿಟಕ್ಕೆನ್ನದೆ ಪೆಟ್ಟಿಗೆ ಕಟ್ಟಿ ಒಬ್ಬರೇ ಊರಿಗೆ ಹೊರಟುಬಿಟ್ಟಿರಿ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ.

ಇಲ್ಲಿ ಆಡಿ ಮಾಸದಲ್ಲಿ ಹೊಸ ಜೋಡಿಗಳನ್ನು ಅಗಲಿಸಿಡುವುದು ನಿಮಗೆ ಗೊತ್ತಲ್ಲ. ನಿನ್ನೆ ಕೆಳಮನೆಯ ನಾಗರತ್ನಮ್ಮ, ಆಡಿ ಮುಗೀತಾ ಬಂತಲ್ಲಮ್ಮಾ, ಸಾರ್ ಇನ್ನೂ ಬರ್ಲೇ ಇಲ್ಲ, ನೀವೇನು ಪುದು ಜೋಡಿನಾ ಎಂದು ಚುಡಾಯಿಸಿದರು. ನಾನೂ ನಕ್ಕೆ. ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನೀವಿಲ್ಲದೆ ಈ ಮನೆಯಲ್ಲಿ ಇರಲಿಕ್ಕಾಗುತ್ತಿಲ್ಲ, ರೀ.

ಆದ್ದರಿಂದ ನನ್ನ ಉತ್ತರ ಇದು. ನಾನು ಸರಿಯುವುದಿಲ್ಲ, ಗುರಾಣಿಯನ್ನೂ ಎತ್ತುವುದಿಲ್ಲ. ಆದರೆ ದಾಳ ಉರುಳಿಸುವವಳು ನಾನಲ್ಲ. ದಾಳ ಇಬ್ಬರೆದುರೇ ಬೀಳಬೇಕು ಎಂದು ಕಟ್ಟುಮಾಡಿದವರು ನೀವೇ, ಅದೂ ನಾನು ಮೋಸ ಮಾಡುತ್ತೇನೆಂದು! ಬರುವಾಗ ಗುಲ್ಬರ್ಗದ ಮಾತನ್ನೂ ತನ್ನಿ. ಈ ಸಲ ಪೂರ್ತಿ ಕೇಳಿಸಿಕೊಳ್ಳುತ್ತೇನೆ.

ಪಕ್ಕದಲ್ಲೇ ನಿಂತಿರುವ ನಿಮ್ಮ ಎದುರಾಳಿ,
ಜಗದೇವಿ

ಮರೆತಿದ್ದೆ: ನಿಮ್ಮ ಕೆಂಪು ದಾಳ ಕಳೆದುಹೋಗಿದೆ, ಮನೆಯೆಲ್ಲ ಹುಡುಕಿಸಿದೆ ಎಂದು ಬರೆದಿದ್ದೀರಿ. ಹುಡುಕಬೇಡಿ. ನೀವು ಆಟೋ ಕರೆಯಲು ಇಳಿದಾಗ ಪೆಟ್ಟಿಗೆ ಬಿಚ್ಚಿ, ನಿಮ್ಮ ಅಂಗಿಗಳ ಅಡಿಯಿಂದ ಅದನ್ನು ತೆಗೆದುಕೊಂಡವಳು ನಾನೇ. ಅದಕ್ಕಾದರೂ ವಾಪಸು ಬರುತ್ತೀರಿ ಎಂದುಕೊಂಡಿದ್ದೆ.