ಶೇವಂತಜ್ಜಿಯ ಹರಕೆ, ಬಳಚಿನ ಸಾರು

ಅಘನಾಶಿನಿ ಹೊಳೆಯಂಚು
ಫೆಬ್ರವರಿ ೩೦, ೨೧೪೦

ಪೂಜ್ಯ ಶೇವಂತಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ನೀರಜೆಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಬಿಟ್ಟಿದ್ದೇವೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ಇಲ್ಲಿ ಇಳಿತದ ಅಂಚೆ ಎನ್ನುತ್ತಾರೆ. ಜನ್ಮಕ್ಕೆ ಒಬ್ಬರಿಗೆ ಒಂದೇ ಕಾಗದ. ಅದನ್ನು ನಾನು ಹೊಳೆಯ ಚಿಪ್ಪುಮೀನಿಗೆ, ಬರೀ ಬಳಚಿಗಾಗಿ ಖರ್ಚು ಮಾಡುತ್ತಿದ್ದೇನೆಂದು ನನ್ನ ಗಂಡ ಇನ್ನೂ ತಲೆ ಚಚ್ಚಿಕೊಳ್ಳುತ್ತಿದ್ದಾರೆ.

ನಮ್ಮ ಮನೆಯ ಮಕ್ಕಳಿಗೆ ಮೊದಲ ಅನ್ನ ತಿನ್ನಿಸುವ ದಿನ ನಿಮ್ಮ ಕಥೆ ಹೇಳುತ್ತೇವೆ. ನೀವು ಬಿಪಿ ಮಾತ್ರೆ ಶುರು ಮಾಡಿ ಕೆಲವು ತಿಂಗಳಾಗಿತ್ತು. ಇಳಿತದ ಹೊತ್ತಿಗೆ ಹೊಳೆಯ ಕೆಸರಿಗಿಳಿದು, ಚಿಪ್ಪು ಚಿಪ್ಪಾಗಿ ನೀವೇ ಆರಿಸಿ ತಂದ ಬಳಚಿನ ಸಾರು ಉಂಡ ಮಧ್ಯಾಹ್ನ ತುಟಿ ಊದಿಕೊಂಡಿತು. ತುರಿಕೆಯಿಲ್ಲ, ದದ್ದಿಲ್ಲ, ತುಟಿ ಮಾತ್ರ ದಪ್ಪ. ಮರುದಿನ ತಾನಾಗಿ ಇಳಿಯಿತು. ಹುಟ್ಟಿದಾಗಿನಿಂದ ತಿಂದ ಬಳಚನ್ನು ಊರೆಲ್ಲ ಬೈಯಿತು. ನೀವು ಹೆದರಿ, ನಾನೂ ನನ್ನ ಸಂತತಿಯೂ ಇನ್ನು ಬಳಚು ಮುಟ್ಟುವುದಿಲ್ಲವೆಂದು ಹೊಳೆದಂಡೆಯ ಜಟಗ ದೇವರ ಮುಂದೆ ಹರಕೆ ಹೊತ್ತಿರಿ. ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮುಂದಿನ ವರ್ಷ ನಾಲಿಗೆಯೇ ಊದಿತು. ಮಾತು ಹೊರಡದು, ಉಸಿರೆಳೆದರೆ ಗೊರಗೊರ ಸದ್ದು. ಮನೆಯಲ್ಲಿ ಯಾರೋ ಹರಕೆ ಮುರಿದಿರಬೇಕೆಂದು ನಿಮ್ಮನ್ನು ಜಟಗನ ಕಡೆ ಹೊರಡಿಸಿದಾಗ ನಿಮ್ಮ ಸೊಸೆ ಪ್ರೇಮಕ್ಕ ಬಾಗಿಲಿಗೆ ಅಡ್ಡ ನಿಂತರು. "ಬಳಚು ಬಿಟ್ಟು ವರ್ಷ ಆಯ್ತು. ಮಾತ್ರೆ ಬಿಡ್ಲಿಲ್ಲ ಅಲ್ದಾ?" ಎಂದು ಮಾತ್ರೆಯ ಪಟ್ಟಿಯನ್ನು ಸೆರಗಿಗೆ ಗಂಟು ಹಾಕಿ ನಿಮ್ಮನ್ನು ರಿಕ್ಷಾ ಹತ್ತಿಸಿದರು. ಗಂಟಲು ಮುಚ್ಚುವ ಮೊದಲೇ ಆಸ್ಪತ್ರೆ ಸಿಕ್ಕಿತು. ಈ ಜಾತಿಯ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತದೆ, ವರ್ಷ ಕಳೆದ ಮೇಲೂ ಮಾಡಬಹುದು, ಇನ್ನೆಂದೂ ಇದು ಬೇಡ, ಬಳಚು ಪಾಪ ಏನೂ ಮಾಡಿಲ್ಲ ಎಂದರು ಡಾಕ್ಟರು. ಮಾತ್ರೆಗಳ ಸಹವಾಸವೇ ಸಾಕೆಂದು ನೀವು ಹಟ ಹಿಡಿದಿರಂತೆ, ಪ್ರೇಮಕ್ಕ ಬಿಡಲಿಲ್ಲ. ಡಾಕ್ಟರು ಕೊಟ್ಟ ಬೇರೆ ಜಾತಿಯ ಮಾತ್ರೆ ನಿಮಗೆ ಒಗ್ಗಿತು.

ನಿಮ್ಮ ಬಿಪಿ ನನಗೂ ಬಂದಿದೆ. ಇಲ್ಲಿ ಮಾತ್ರೆ ಕೊಡುವ ಮೊದಲು ಮುನ್ನೆರಳು ನೋಡುತ್ತಾರೆ. ನಮ್ಮದೇ ಒಂದು ಹನಿ ರಕ್ತದಿಂದ ಗಾಜಿನ ತಟ್ಟೆಯಲ್ಲಿ ಉಗುರಿನಷ್ಟು ಚರ್ಮ ಬೆಳೆಸಿ, ಔಷಧಿಯನ್ನು ಮೊದಲು ಅದಕ್ಕೆ ಉಣಿಸುತ್ತಾರೆ. ನಿಮ್ಮ ಆ ಹಳೆಯ ಜಾತಿಯ ಮಾತ್ರೆ ಹಾಕಿದಾಗ ನನ್ನ ಚರ್ಮದ ಚೂರು ಎಣ್ಣೆಗೆ ಬಿದ್ದ ಪೂರಿಯ ಹಾಗೆ ಮೆಲ್ಲಗೆ ಉಬ್ಬಿತು. ನೂರು ವರ್ಷ ದಾಟಿ ನಿಮ್ಮ ತುಟಿ ನನ್ನ ಕಣ್ಣೆದುರು ಬಂದು ಕೂತಿತ್ತು. ಗಾಜಿಲ್ಲ, ಯಂತ್ರವಿಲ್ಲ, ಬರಿಗಣ್ಣಿನಲ್ಲಿ ಇದನ್ನು ಕಂಡ ಪ್ರೇಮಕ್ಕನನ್ನು ನೆನೆದು ಅಲ್ಲೇ ಕೈ ಮುಗಿದೆ. ನರ್ಸ್ ಗಾಬರಿಯಾಗಿ ನನ್ನ ಬಿಪಿ ಮತ್ತೊಮ್ಮೆ ನೋಡಿದಳು.

ಆದರೆ ಅಜ್ಜಿ, ಹರಕೆ ಬಿಡಿಸಲು ನೀವು ಮರೆತಿರಿ. ತಪ್ಪು ಮಾತ್ರೆಯದೆಂದು ಗೊತ್ತಿದ್ದೂ ಹೊಳೆಯ ದಂಡೆಯಲ್ಲೇ ಇದ್ದು ನಾವ್ಯಾರೂ ಬಳಚು ಮುಟ್ಟಿಲ್ಲ. ನಡುವೆ ಅರವತ್ತು ವರ್ಷ ಹೊಳೆಯಲ್ಲಿ ಬಳಚೇ ಇರಲಿಲ್ಲ, ಹಾಗಾಗಿ ಆಸೆಯೂ ಇರಲಿಲ್ಲ. ಈ ವರ್ಷ ಅದು ತಿರುಗಿ ಬಂದಿದೆ. ಮೊದಲ ಚಿಪ್ಪು ಕೈಗೆ ಸಿಕ್ಕಾಗ ಊರಿಗೆ ಊರೇ ಮಂಡಿಯಾಳದ ಕೆಸರಿಗಿಳಿಯಿತು. ನನ್ನ ಮಗಳು ಕಿನ್ನರಿ ಬುಟ್ಟಿ ತುಂಬ ತಂದಿದ್ದಾಳೆ. ಹರಕೆ ಹೊತ್ತವರೇ ಬಿಡಿಸಬೇಕೆಂದು ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ.

ಹೊಸ ಮಾತ್ರೆ ಒಗ್ಗಿದ ಮೇಲೆ ನಿಮ್ಮ ಕೈ ಸೇರುವಂತೆ ಈ ಕಾಗದ ಹಾಕಿದ್ದೇನೆ. ಮುಟ್ಟಿದ ದಿನವೇ ಜಟಗನಿಗೆ ಕಾಯಿ ಒಡೆದು ನಮ್ಮನ್ನು ಬಿಡಿಸಿ. ನೆರೆಹೊರೆಯಲ್ಲಿ ಯಾರ ತುಟಿ ಊದಿದರೂ ಯಾವ ಮಾತ್ರೆ ನುಂಗುತ್ತಾರೆಂದು ಕೇಳಿ, ಡಾಕ್ಟರ ಹತ್ತಿರ ಕಳಿಸಿ. ನಾಲಿಗೆ ಊದಿದರೆ ಕೇಳುತ್ತ ಕೂರದೆ ರಿಕ್ಷಾ ಕರೆಯಿರಿ. ಆಮೇಲೆ ಸಾರು ಮಾಡಿ. ಇಲ್ಲಿ ಬಳಚು ಬೆಂದು ಬಾಯಿ ಬಿಟ್ಟಿದೆ, ಎಲೆ ಹಾಕಿಕೊಂಡು ಕೂತಿದ್ದೇವೆ. ಹಿರಿಯರು ತುತ್ತು ಎತ್ತದೆ ನಾವು ಉಣ್ಣುವಂತಿಲ್ಲ.

ನೀವು ಶುರು ಮಾಡಿ.

ನಿಮ್ಮ
ನೀರಜೆ