ನೆನೆಸದ ಬಾದಾಮಿ

ಅಪ್ಪ,

ಇವತ್ತು ಬೆಳಿಗ್ಗೆ ಒಣ ಬಾದಾಮಿ ಕಡಿಯಲು ಹೋಗಿ ನನ್ನ ದವಡೆ ಹಲ್ಲು ಮುರಿಯಿತು. ನೀವಿದ್ದಿದ್ದರೆ ನಗುತ್ತಿದ್ದಿರಿ. ಹಿಂದಿನ ದಿನವೇ ಲೋಟದಲ್ಲಿ ನೆನೆಸಿಟ್ಟು, ಸಿಪ್ಪೆ ಸುಲಿದು ತಿನ್ನುತ್ತಿದ್ದ ನಿಮ್ಮನ್ನು ನಾನು ಗೇಲಿ ಮಾಡುತ್ತಿದ್ದೆ. “ಹಾಗೇ ತಿಂದ್ರೆ ಜೀರ್ಣ ಆಗಲ್ಲ ಕಣಮ್ಮ” ಅನ್ನುತ್ತಿದ್ದಿರಿ. ನಾನೂ ನಂಬಿದ್ದೆ.

ಹಲ್ಲಿನ ಡಾಕ್ಟರು, “ಇನ್ಮೇಲೆ ನೆನೆಸಿ ತಿನ್ನಿ. ಹಲ್ಲಿಲ್ಲದೋರೆಲ್ಲ ಹಾಗೇ ತಿನ್ನೋದು” ಅಂದರು. ಆಗ ನೆನಪಾಯಿತು.

“ಹಲ್ಲು ಕಟ್ಟಿಸ್ಕೋಬೇಕಿತ್ತಮ್ಮ, ಕರ್ಕೊಂಡು ಹೋಗ್ತೀಯಾ?” ಅಂತ ನೀವು ಒಂದೇ ಒಂದು ಸಲ ಕೇಳಿದ್ದಿರಿ. “ಮುಂದಿನ ತಿಂಗಳು ನೋಡೋಣಪ್ಪ, ಆಫೀಸಲ್ಲಿ ತಲೆ ಕೆರ್ಕೊಳೋಕೂ ಪುರುಸೊತ್ತಿಲ್ಲ” ಅಂದಿದ್ದೆ. ನೀವು ಮತ್ತೆ ಕೇಳಲಿಲ್ಲ. ಬಾದಾಮಿ ನೆನೆಸಲು ಶುರುಮಾಡಿದ್ದು ಆಮೇಲೆಯೇ.

ಇವತ್ತು ನನ್ನ ಹಲ್ಲಿಗಾಗಿ ಅರ್ಧ ದಿನ ರಜೆ ಹಾಕಿದೆ. ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ.