ತಾಮ್ರ ತಿಂದದ್ದು, ಸತು ಉಳಿಸಿದ್ದು

ಗಂಗೊಳ್ಳಿ ತೇಲುಕೇರಿ
ಕಡಲು ಏರಿದ ಇನ್ನೂರಹನ್ನೊಂದನೆಯ ವರ್ಷ, ಸೋಣೆ ತಿಂಗಳ ಹುಣ್ಣಿಮೆ

ನೆಲದ ಮೇಲೆ ಮನೆ ಕಟ್ಟಿಕೊಂಡಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಹುಡುಕಲು ಹೋಗಬೇಡಿ. ನಿಮ್ಮ ಮೊಮ್ಮಕ್ಕಳೂ ಕಥೆಯಾಗಿ ಹೋದ ಮೇಲೆ ಹುಟ್ಟಿದವನು ನಾನು. ಹೆಸರು ಶೀನ, ಕೇರಿಯ ಮಕ್ಕಳಿಗೆ ಕಥೆ ಹೇಳುವುದು ಕಸುಬು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದ ಬಂದರೆ ಮನ್ನಿಸಿ. ನೀವು ‘ಬೀದಿ’ ಎಂದು ಬರೆದದ್ದನ್ನು ಓದಿದರೆ ನಮ್ಮ ಮಕ್ಕಳಿಗೂ ನಗು ಬರುತ್ತದೆ. ಎರಡು ಮನೆಗಳ ನಡುವೆ ನೀರಲ್ಲದೆ ಇನ್ನೇನಾದರೂ ಇರಬಹುದು ಎಂದು ಅವರಿಗೆ ತೋಚುವುದಿಲ್ಲ.

ಒಡಲು ಎಂದರೆ ನಮ್ಮಲ್ಲಿ ಮನೆಗಳನ್ನು ಹೊತ್ತು ತೇಲುವ ಅಗಲವಾದ ದೋಣಿ. ಅದರ ಬೆನ್ನ ಮೇಲೆ ಮನೆ, ಮನೆಯ ಮುಂದೆ ತುಳಸಿ, ಹಿಂದೆ ಬಸಳೆ ಚಪ್ಪರ. ಗಂಜಿ ಬೇಯುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಬಲೆ ಇಳಿಸಿ ಸಾರಿಗಾಗುವಷ್ಟು ಮೀನು ಎತ್ತಿಕೊಳ್ಳುತ್ತೇವೆ. ಹಿಂದಿನವರು ಒಡಲನ್ನು ಮರದಲ್ಲಿ ಕಟ್ಟಿದರು, ಹುಳ ತಿಂದಿತು. ಕಬ್ಬಿಣದಲ್ಲಿ ಕಟ್ಟಿದರು, ತುಕ್ಕು ತಿಂದಿತು. ಕೊನೆಗೆ ಕಡಲಲೋಹ ಬಂತು. ಅಂದರೆ ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದ ತೆಳುವಾದ ಚರ್ಮ ಕಟ್ಟುತ್ತದೆ. ಗೀರಿದರೆ ಮತ್ತೆ ಕಟ್ಟುತ್ತದೆ. ಉಪ್ಪುನೀರು ಆ ಚರ್ಮವನ್ನು ನೆಕ್ಕಬಹುದು, ಕಚ್ಚಲಾರದು. ಈ ಲೋಹವೆಲ್ಲ ನಿಮ್ಮದೇ. ನೀವು ಬಿಟ್ಟುಹೋದ ಕಿಟಕಿ ಚೌಕಟ್ಟು, ಬಸ್ಸಿನ ಮೈ, ತಳ ಸೀದ ಅನ್ನದ ಪಾತ್ರೆ, ಎಲ್ಲವೂ ಕರಗಿ ಹಾಳೆಯಾಗಿ, ಬೆಸುಗೆ ಹಾಕಿಸಿಕೊಂಡು ನಮ್ಮನ್ನು ಹೊತ್ತಿವೆ.

ನನಗೆ ಹೊಸತಾಗಿ ಮದುವೆಯಾಗಿದ್ದ ವರ್ಷ ನಮ್ಮ ದೊಡ್ಡೊಡಲು ನೀರಿಗಿಳಿಯಿತು. ಕೇರಿಯ ಅಕ್ಕಿ, ಶಾಲೆ, ಹೆರಿಗೆಮನೆ ಎಲ್ಲವೂ ಅದರ ಮೇಲೆ. ಘಟ್ಟದ ಸಭೆಯವರು, ಎಂದರೆ ಆಗ ಕರಾವಳಿಯನ್ನೂ ಆಳುತ್ತಿದ್ದವರು, ಒಂದು ಷರತ್ತು ಹಾಕಿದ್ದರು. ಮೊದಲ ಮಳೆಗಾಲವನ್ನು ಈ ಒಡಲು ಸೋರದೆ ದಾಟಿದರೆ ನಾವು ಕಡಲಲ್ಲೇ ಇರಬಹುದು. ಸೋರಿದರೆ ಎಲ್ಲರೂ ಘಟ್ಟ ಹತ್ತಿ ಬಿಡಾರ ಸೇರಬೇಕು, ಮತ್ತೆ ಇಳಿಯುವಂತಿಲ್ಲ. ಮೀನು ಹಿಡಿಯುವವರು ಘಟ್ಟದ ಮೇಲೆ ಹೋಗಿ ಏನು ಹಿಡಿಯಬೇಕು?

ಮರದ ದೋಣಿಯ ಕಾಲದಿಂದ ನಮ್ಮಲ್ಲೊಂದು ಕ್ರಮವಿತ್ತು. ಹೊಸ ದೋಣಿಯ ಹೊಟ್ಟೆಯೊಳಗೆ ಮನೆಗೊಂದು ತಾಮ್ರದ ಬಿಲ್ಲೆ ಇಡಬೇಕು, ತಾಮ್ರವಿದ್ದಲ್ಲಿ ಹುಳ ಸುಳಿಯುವುದಿಲ್ಲ. ಕೇರಿಯ ಹಿರಿಯಳಾದ ಅಕ್ಕಣಿ ಅಜ್ಜಿ ಮೊದಲ ಬಿಲ್ಲೆ ಇಟ್ಟಳು, ಉಳಿದವರು ಹಿಂದೆಯೇ ಇಟ್ಟರು. ಅಜ್ಜಿಯ ಸೊಸೆ ಜಲಜಕ್ಕ ಬೆಸುಗೆಯವರ ಮುಖ್ಯಸ್ಥೆ. ಹೊಟ್ಟೆಯೊಳಗೆ ನೀರಿಲ್ಲವಲ್ಲ, ಒಣಗಿದ್ದರೆ ತಾಮ್ರದಿಂದ ಕೇಡಿಲ್ಲ ಎಂದು ಅವಳೂ ತಡೆಯಲಿಲ್ಲ. ಆದರೆ ಮಳೆ ಹಿಡಿಯಿತು, ತೆರೆ ಎದ್ದು ಬೆನ್ನ ಮೇಲೆ ಒಡೆಯಿತು, ಮುಚ್ಚಳದ ಸಂದಿನಿಂದ ಉಪ್ಪುನೀರು ಹೊಟ್ಟೆಗಿಳಿಯಿತು. ಒಂದು ಬೆಳಿಗ್ಗೆ ನೋಡಿದರೆ ಬಿಲ್ಲೆಗಳ ಸುತ್ತ ಬೆಳ್ಳಗಿನ ಪುಡಿ.

“ಕಾಣ್ ಹೆಣೆ, ಗಂಗಮ್ಮ ಅಕ್ಕಿಹಿಟ್ಟಿನ್ ರಂಗೋಲಿ ಹಾಕಿದ್ಲ್,” ಎಂದಳು ಅಜ್ಜಿ.

ಜಲಜಕ್ಕ ಮೊಣಕಾಲೂರಿ ಪುಡಿ ಸರಿಸಿದಳು. ಬಿಲ್ಲೆಯ ಕೆಳಗಿನ ಕುಳಿಯಲ್ಲಿ ಅವಳ ಬೆರಳ ತುದಿ ಇಳಿಯಿತು. “ರಂಗೋಲಿ ಅಲ್ಲ ಅತ್ತೆ. ಇದ್ ಒಡಲಿನ್ ಮಾಂಸ. ನಿಮ್ಮ್ ತಾಮ್ರ ತಿಂತಾ ಇತ್ತ್.”

“ನಿನ್ ಬೆಸುಗೆ ಸೋತದ್ದಕ್ಕೆ ನನ್ ಬಿಲ್ಲೆ ಮೇಲ್ ಗೂಬೆ ಕೂರ್ಸ್ಬೇಡ.”

“ಮರದ್ ದೋಣಿಗೆ ತಾಮ್ರ ಕಾವಲ್, ಹೌದ್. ಈ ಲೋಹಕ್ಕೆ ಅದ್ ಅತ್ತೆ ಕಾಣಿ.”

“ಹೌದಾ? ಹಂಗಾರೆ ನಿನ್ನ್ ತಿಂದ್ ತಿಂದ್ ಇಷ್ಟ್ ದಪ್ಪ ಮಾಡಿದ್ ಯಾರ್?”

ಇಡೀ ಒಡಲು ನಕ್ಕಿತು, ಜಲಜಕ್ಕನೂ ನಕ್ಕಳು. ಆದರೆ ಬಿಲ್ಲೆ ತೆಗೆಯಲು ಯಾರೂ ಒಪ್ಪಲಿಲ್ಲ. ಅವು ಹಿರಿಯರ ಕೈಯ ಬಿಲ್ಲೆಗಳು. ಆಗ ಜಲಜಕ್ಕ ಅತ್ತೆಯ ಹೊಸ್ತಿಲಲ್ಲೇ ಎರಡು ಮಣ್ಣಿನ ಬಾನಿಗಳಲ್ಲಿ ಕಡಲನೀರು ತುಂಬಿ, ಒಂದೊಂದರಲ್ಲಿ ಕಡಲಲೋಹದ ತೆಳು ಹಾಳೆ ಇಟ್ಟಳು. ಒಂದು ಹಾಳೆಗೆ ತಾಮ್ರ ಕಟ್ಟಿದಳು, ಇನ್ನೊಂದಕ್ಕೆ ಸತು. ಉಪ್ಪುನೀರಿನಲ್ಲಿ ಎರಡು ಲೋಹ ಮೈ ತಾಗಿಸಿ ಕುಳಿತರೆ ಒಂದು ಸವೆದು ಇನ್ನೊಂದು ಉಳಿಯುತ್ತದೆ. ಯಾವುದು ಸವೆಯುತ್ತದೆಂದು ನೀವೇ ಕಾಯ್ದು ನೋಡಿ ಎಂದಳು. ಅಜ್ಜಿ ಯಾರನ್ನೂ ಹತ್ತಿರ ಬಿಡದೆ ಕಾದಳು. ಇತ್ತ ಮಳೆ ಬಿರುಸಾಯಿತು, ಹೊಟ್ಟೆಯ ಕುಳಿಗಳು ಆಳವಾದವು, ಕೆಲವರು ಗುಟ್ಟಾಗಿ ಗಂಟುಮೂಟೆ ಕಟ್ಟತೊಡಗಿದರು.

ಆಸಾಡಿ ಅಮಾವಾಸ್ಯೆಯ ದಿನ ಹಾಳೆಗಳನ್ನು ಎತ್ತಿದರು. ತಾಮ್ರ ಕಟ್ಟಿದ್ದನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ಕಂಡಿತು. ಸತು ಕಟ್ಟಿದ ಹಾಳೆ ಇಟ್ಟ ಹಾಗೇ ಇತ್ತು, ಸತು ಮಾತ್ರ ಇಲಿ ಕಡಿದ ಕೊಬ್ಬರಿಯಂತಾಗಿತ್ತು. ಅಜ್ಜಿ ಆ ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

“ಇದ್ ತಾನ್ ಸವೆದ್ ಇನ್ನೊಂದನ್ನ್ ಉಳಿಸ್ತ್. ಹೆತ್ತವ್ಳ್ ಮಾಡೂ ಕೆಲ್ಸ,” ಎಂದಳು. “ಗಂಗಮ್ಮಂಗೆ ಕೊಡೂದಾರೆ ಇದನ್ನೇ ಕೊಡುವ.”

ಆಮೇಲೆ ತಾನೇ ಹೊಟ್ಟೆಗಿಳಿದು, ತನ್ನ ಮನೆಯ ಬಿಲ್ಲೆಯನ್ನು ಮೊದಲು ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಅಜ್ಜಿಯೇ ತೆಗೆದ ಮೇಲೆ ತಡೆಯುವವರು ಯಾರು? ಉಬ್ಬರದಲ್ಲಿ ಒಡಲನ್ನು ಹೊಳೆಯ ಕೆಸರಿಗೆ ಏರಿಸಿ, ಇಳಿತದಲ್ಲಿ ನೀರು ಸರಿದಾಗ ಟರ್ಪಾಲಿನ ಅಡಿಯಲ್ಲಿ ಕುಳಿ ಉಜ್ಜಿ, ತೇಪೆ ಬೆಸೆದು, ತಳದುದ್ದಕ್ಕೂ ಸತುವಿನ ಗಟ್ಟಿ ಬಿಗಿದರು. ಗಂಡಸರು ಹೆಂಗಸರೆನ್ನದೆ ಜಲಜಕ್ಕ ಎಲ್ಲರಿಗೂ ಕೆಲಸ ಹಚ್ಚಿದಳು. ನಾನು ಟರ್ಪಾಲು ಹಿಡಿದು ನಿಂತೆ, ಕಥೆಯನ್ನೂ ಹೇಳಿದೆ.

ಮಳೆ ತಗ್ಗುವ ಸೋಣೆ ತಿಂಗಳಲ್ಲಿ ಘಟ್ಟದ ಸಭೆಯವರು ನಮ್ಮನ್ನು ಹೊತ್ತೊಯ್ಯಲು ಖಾಲಿ ದೋಣಿಗಳ ಸಾಲು ತಂದರು. ಅವರ ಮುಖಂಡ ದೊಡ್ಡೊಡಲಿನ ಹೊಟ್ಟೆಗಿಳಿದು ಮೂಲೆ ಮೂಲೆಗೆ ಕೈ ಆಡಿಸಿ ಮೇಲೆ ಬಂದ. ಅಂಗೈಯಲ್ಲಿ ಧೂಳಿತ್ತು, ನೀರಿರಲಿಲ್ಲ. ಅವನು ಅಂಗೈ ಒರೆಸಿಕೊಳ್ಳುತ್ತಿರುವಾಗ ಅಜ್ಜಿ ಹೇಳಿದಳು: “ಬಂದ್ ದೋಣಿ ಖಾಲಿ ಕಳ್ಸೂದ್ ಮರ್ಯಾದಿ ಅಲ್ಲ. ಬಂಗುಡಿ ತುಂಬ್ಸಿ ಮಕ್ಳೆ.” ಅಷ್ಟೂ ದೋಣಿಗಳು ಮೀನು ಹೊತ್ತು ಮರಳಿದವು. ಮತ್ತೆ ಯಾರೂ ನಮ್ಮನ್ನು ಕರೆಯಲು ಬರಲಿಲ್ಲ.

ತಾಮ್ರಕ್ಕೆ ನಾವು ಅವಮಾನ ಮಾಡಲಿಲ್ಲ. ಬಿಲ್ಲೆಗಳನ್ನು ಕರಗಿಸಿ ಒಂದು ಗಂಟೆ ಮಾಡಿ, ದಡದ ಗುಡ್ಡದಲ್ಲಿ ಮರದ ಕಂಬಕ್ಕೆ ತೂಗಿದ್ದೇವೆ. ಪ್ರತಿ ಸೋಣೆ ಹುಣ್ಣಿಮೆಗೆ ಸವೆದ ಸತುವನ್ನು ಮೇಲೆತ್ತಿ ಕೇರಿಗೆಲ್ಲ ತೋರಿಸುತ್ತೇವೆ. ಅದು ಹೆಚ್ಚು ಸವೆದಷ್ಟೂ ಕೇಕೆ ಜೋರು. ಹೊಸ ಗಟ್ಟಿಯನ್ನು ಬಿಗಿಯುವ ಹಕ್ಕು ಆ ವರ್ಷ ಹೆತ್ತ ತಾಯಂದಿರದು. ಅಜ್ಜಿ ಹೋದಳು, ಜಲಜಕ್ಕನೂ ಹೋದಳು. ದೊಡ್ಡೊಡಲು ಇನ್ನೂ ತೇಲುತ್ತಿದೆ, ಈ ಪತ್ರವನ್ನು ಅದರ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ಇವತ್ತು ಅದರ ಪಕ್ಕಕ್ಕೆ ಹೊಸ ಒಡಲೊಂದು ಇಳಿಯಲಿದೆ, ನನ್ನ ಮೊಮ್ಮಗಳ ಮನೆ ಅದರ ಮೇಲೆ.

ಹಾಗಾಗಿ ನಿಮ್ಮಲ್ಲಿ ಒಂದೇ ಬೇಡಿಕೆ. ಹಳೆಯ ಕಿಟಕಿ, ಹಳೆಯ ಫ್ಯಾನು ಗುಜರಿಗೆ ಹಾಕುವಾಗ ತಾಮ್ರದ ತಂತಿ, ಹಿತ್ತಾಳೆಯ ಸ್ಕ್ರೂ ಬಿಚ್ಚಿ ಬೇರೆ ಇಡಿ. ಬಿಲ್ಲೆಯಾಗಿದ್ದರೆ ಹೆಕ್ಕಿ ಸೆರಗಿಗೆ ಕಟ್ಟಿಕೊಳ್ಳಬಹುದು. ಕರಗಿ ಲೋಹದೊಳಗೆ ಸೇರಿಹೋದ ತಾಮ್ರವನ್ನು ಹೆಕ್ಕಲು ಯಾವ ಅಜ್ಜಿಯಿಂದಲೂ ಆಗದು.

ಗುಡ್ಡದ ಮೇಲೆ ಗಂಟೆ ಬಾರಿಸುತ್ತಿದ್ದಾರೆ, ನಾನು ಏಳಬೇಕು. ನಿಮ್ಮ ಕಿಟಕಿ ಈಗ ನೀರಿಗಿಳಿಯುತ್ತಿದೆ ಹಿರಿಯರೆ. ತೇಲುತ್ತದೆ.

ನಿಮ್ಮ ಮರಿಮಕ್ಕಳ ಮರಿಮಗ,
ಶೀನ